ಒಂದೇ ಗುಡಿ, ಎರಡು ಗೋಡೆ: ಹೊಯ್ಸಳ ರೂವಾರಿಗಳ ಪೈಪೋಟಿಯಿಂದ ವರ್ತಕರು ಕಲಿಯಬಹುದಾದುದು

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನರಸಿಂಹ ಕಂಬವೆಂದು ಹೆಸರಾದ ಸ್ತಂಭವೊಂದಿದೆ. ಅಡಿಯಿಂದ ಮುಡಿಯವರೆಗೆ ಸಣ್ಣ ಸಣ್ಣ ವಿಗ್ರಹಗಳಿಂದ ತುಂಬಿರುವ ಆ ಕಂಬದ ಮೈಮೇಲೆ ಒಂದೆಡೆ ಮಾತ್ರ ಪುಟ್ಟದೊಂದು ಜಾಗ ಖಾಲಿ ಉಳಿದಿದೆ. ಉಳಿದುದನ್ನೆಲ್ಲ ಕೆತ್ತಿದ ಶಿಲ್ಪಿಯೇ ಆ ಜಾಗವನ್ನು ಬೇಕೆಂದು ಬಿಟ್ಟನೆಂದೂ, ತನ್ನ ಕೆಲಸಕ್ಕೆ ಸರಿದೊರೆಯಾಗುವಂತೆ ಅದನ್ನು ತುಂಬಬಲ್ಲವನಿದ್ದರೆ ಬಂದು ತುಂಬಲಿ ಎಂದು ಸವಾಲು ಹಾಕಿದನೆಂದೂ ಸ್ಥಳದ ಐತಿಹ್ಯ ಹೇಳುತ್ತದೆ.

ಐತಿಹ್ಯವನ್ನು ಐತಿಹ್ಯವೆಂದೇ ಸ್ವೀಕರಿಸಿದರೂ ಅದರಲ್ಲಿ ಅಡಗಿರುವ ವೃತ್ತಿಧರ್ಮವು ಗಮನಾರ್ಹವಾದುದು. ಆ ಶಿಲ್ಪಿ ಎದುರಾಳಿಯ ಉಳಿಯನ್ನು ಮುರಿಯಲಿಲ್ಲ. ಅವನಿಗೆ ಕಲ್ಲು ಸಿಗದಂತೆ ಮಾಡಲಿಲ್ಲ. ಅರ್ಧ ಕೂಲಿಗೆ ಕೆತ್ತಿಕೊಡುವೆನೆಂದು ಧಣಿಯ ಬಳಿ ಓಡಲೂ ಇಲ್ಲ. ತನ್ನ ಕೆಲಸದ ಪಕ್ಕದಲ್ಲಿಯೇ ಎದುರಾಳಿಯ ಕೆಲಸಕ್ಕೆ ಸ್ಥಳ ಕೊಟ್ಟು, ನೋಡುವವರು ಎರಡನ್ನೂ ಹೋಲಿಸಿ ತೀರ್ಮಾನಿಸಲಿ ಎಂದನು.

ಇಂದಿನ ಸಣ್ಣ ಉದ್ಯಮಿಗೆ ‘ಪ್ರತಿಸ್ಪರ್ಧಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ಬೇರೆಯೇ ಸಂಗತಿಗಳು. ಎದುರಿನ ಅಂಗಡಿಯವನು ಬೆಲೆ ಇಳಿಸಿದ್ದಾನೆ. ಹತ್ತು ವರ್ಷ ಕೆಲಸ ಕಲಿಸಿದ ಫಿಟ್ಟರನನ್ನು ಪಕ್ಕದ ಶೆಡ್ಡಿನವರು ಕರೆದುಕೊಂಡಿದ್ದಾರೆ. ತಾನು ತಯಾರಿಸಿದ ಬಿಡಿಭಾಗ ಇನ್ನೊಬ್ಬರ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಈ ಆತಂಕಗಳು ನಿಜವಾದವು, ಇವುಗಳಿಂದ ಮುಚ್ಚಿಹೋದ ಘಟಕಗಳೂ ಉಂಟು. ಪೈಪೋಟಿ ಯಾವಾಗ ಕಸುಬನ್ನು ಬೆಳೆಸುತ್ತದೆ, ಯಾವಾಗ ಕೊಲ್ಲುತ್ತದೆ ಎಂಬುದನ್ನು ತಿಳಿಯಲು ಅರಸೀಕೆರೆ, ಬೇಲೂರು ಮತ್ತು ಹಳೇಬೀಡುಗಳ ಕಲ್ಲುಗಳು ಒಳ್ಳೆಯ ಪಠ್ಯಪುಸ್ತಕಗಳಾಗಿವೆ. ಈ ಪಾಠದ ಉದ್ದೇಶ ಅವನ್ನು ವರ್ತಕರ ಕಣ್ಣಿನಿಂದ ಓದುವುದು.

ಸಹಿ ಹಾಕಿದ ಕಲ್ಲು

ಬೇಲೂರಿನ ದೇವಾಲಯವನ್ನು ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನು. ಭಾರತದ ಪ್ರಾಚೀನ ದೇವಾಲಯಗಳಲ್ಲಿ ಕೆತ್ತಿದವರ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಹೊಯ್ಸಳ ಗುಡಿಗಳು ಇದಕ್ಕೆ ದೊಡ್ಡ ಅಪವಾದ. ಇಲ್ಲಿನ ಶಿಲ್ಪಿಗಳು, ಅಂದರೆ ಶಾಸನಗಳ ಭಾಷೆಯ ‘ರೂವಾರಿ’ಗಳು, ತಾವು ಮಾಡಿದ ವಿಗ್ರಹದ ಪೀಠದ ಮೇಲೆ ಕನ್ನಡ ಅಕ್ಷರಗಳಲ್ಲಿ ತಮ್ಮ ಹೆಸರನ್ನು ಕೆತ್ತಿದರು. ಹಲವರು ಹೆಸರಿನೊಡನೆ ತಂದೆಯ ಹೆಸರು, ಹುಟ್ಟೂರು ಮತ್ತು ಪಡೆದ ಬಿರುದುಗಳನ್ನೂ ಸೇರಿಸಿದರು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟ ಮತ್ತು ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅನಂತರ ಬರೆದ ಗ್ರಂಥಗಳಿಂದ ಈ ಹೆಸರುಗಳು ಓದುಗರಿಗೆ ಪರಿಚಯವಾದವು.

ಬೇಲೂರಿನ ಹೊರಗೋಡೆಯ ಮೇಲ್ಭಾಗದಲ್ಲಿ 38, ಒಳಗೆ 4, ಒಟ್ಟು 42 ಮದನಿಕೆಯರಿದ್ದಾರೆ. ಇವರಲ್ಲಿ ಕೆಲವರು ಬಳ್ಳಿಗಾವೆಯ ದಾಸೋಜನ ಕೈಯಿಂದ, ಇನ್ನು ಕೆಲವರು ಅವನ ಮಗ ಚಾವಣನ ಕೈಯಿಂದ ಮೂಡಿದವರು. ಸಹಿಗಳನ್ನು ಪರಿಶೀಲಿಸಿದ ವಿದ್ವಾಂಸರು ತಂದೆಗೆ ನಾಲ್ಕು, ಮಗನಿಗೆ ಐದು ಮದನಿಕೆಗಳನ್ನು ಗುರುತಿಸಿದ್ದಾರೆ. ಬಳ್ಳಿಗಾವೆ ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಗದಗಿನಿಂದ ಬಂದ ನಾಗೋಜನ ಹೆಸರೂ, ಮಲ್ಲಿಯಣ್ಣ, ಚಿಕ್ಕಹಂಪ ಮೊದಲಾದವರ ಹೆಸರುಗಳೂ ಇದೇ ಗುಡಿಯಲ್ಲಿವೆ. ಚಾಲುಕ್ಯರ ಸೀಮೆಯಲ್ಲಿ ಪಳಗಿದ ಕುಶಲಕರ್ಮಿಗಳು ಕೆಲಸವಿರುವ ಕಡೆಗೆ ಬಂದರು. ಬಂದವರು ಊರಿನ ಹೆಸರನ್ನು ಮರೆಯದೆ ತಂದರು.

ವ್ಯಾಪಾರದ ದೃಷ್ಟಿಯಿಂದ ಈ ಸಹಿಗೆ ಎರಡು ಅರ್ಥಗಳಿವೆ. ಮೊದಲನೆಯದು ಹೆಮ್ಮೆ: ಇದು ನನ್ನ ಕೆಲಸ. ಎರಡನೆಯದು ಹೊಣೆ: ಇದರಲ್ಲಿ ಕುಂದಿದ್ದರೆ ಅದೂ ನನ್ನದೇ. ಹೆಸರಿಲ್ಲದ ವಿಗ್ರಹದ ಮೂಗು ಸೊಟ್ಟಗಿದ್ದರೆ ದೂರು ಯಾರಿಗೂ ತಟ್ಟದು. ಹೆಸರು ಕೆತ್ತಿದ ಮೇಲೆ ಮುಂದಿನ ಊರಿನ ಧಣಿಯು ಅದನ್ನು ನೋಡಿಯೇ ಕೆಲಸ ಕೊಡುತ್ತಾನೆ ಅಥವಾ ಕೊಡದೆ ಹೋಗುತ್ತಾನೆ. ‘ಬಳ್ಳಿಗಾವೆಯ ದಾಸೋಜ’ ಎಂಬ ಎರಡೇ ಪದಗಳಲ್ಲಿ ಊರಿನ ಕೀರ್ತಿಯೂ ವ್ಯಕ್ತಿಯ ಕೀರ್ತಿಯೂ ಒಂದಕ್ಕೊಂದು ಜಾಮೀನಾಗಿ ನಿಂತಿವೆ.

ಬಿರುದುಗಳ ಸಮರ

ರೂವಾರಿಗಳು ವಿನಯವಂತರಾಗಿ ಸಹಿ ಹಾಕಿದವರಲ್ಲ. ಬಿರುದುಳ್ಳ ಇತರ ರೂವಾರಿಗಳೆಂಬ ಮನ್ಮಥನಿಗೆ ತಾನು ಶಿವನೆಂದು ಚಾವಣನ ಬಿರುದು ಸಾರುತ್ತದೆ. ಎದುರಾಳಿಗಳನ್ನು ಬೆಟ್ಟಕ್ಕೆ ಹೋಲಿಸಿ ತನ್ನನ್ನು ವಜ್ರಾಯುಧವೆಂದು ಕರೆದುಕೊಳ್ಳುವ, ಅವರನ್ನು ಶರಭಕ್ಕೆ ಹೋಲಿಸಿ ತನ್ನನ್ನು ಗಂಡಭೇರುಂಡವೆಂದು ಬಣ್ಣಿಸಿಕೊಳ್ಳುವ ಮಾದರಿಯ ಬಿರುದುಗಳೂ ಈ ವರ್ಗದಲ್ಲಿ ಪ್ರಚಲಿತವಾಗಿದ್ದವು. ರಣರಂಗದ ವೀರರಿಗೆ ಒಪ್ಪುವ ಭಾಷೆಯನ್ನು ಉಳಿ ಸುತ್ತಿಗೆ ಹಿಡಿದವರು ತಮ್ಮದಾಗಿಸಿಕೊಂಡಿದ್ದರು.

ಪೈಪೋಟಿ ಕೆಲಸಗಾರರ ನಡುವೆ ಮಾತ್ರವಲ್ಲ, ಕೆಲಸ ಮಾಡಿಸುವವರ ನಡುವೆಯೂ ಇತ್ತು. ಬೇಲೂರಿನ ಗುಡಿ ದೊರೆಯದು. ಅಲ್ಲಿಂದ ಸುಮಾರು 16 ಕಿಲೋಮೀಟರು ದೂರದ ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳೇಶ್ವರ ದೇವಾಲಯದ ಕಾರ್ಯ 1121ರ ಹೊತ್ತಿಗೆ ನಡೆದಿತ್ತು. ಅದಕ್ಕೆ ಮುಂದಾದವರು ಕೇತಮಲ್ಲ, ಕೇಸರಸೆಟ್ಟಿ ಮೊದಲಾದ ಅಧಿಕಾರಿಗಳು, ಧನಿಕರು ಮತ್ತು ವರ್ತಕರು. ಬೇಲೂರಿನ ವಿಷ್ಣು ದೇವಾಲಯಕ್ಕೆ ಕಡಿಮೆಯಿಲ್ಲದ ಶಿವಾಲಯವೊಂದು ತಮ್ಮ ನಗರದಲ್ಲಿಯೂ ಎದ್ದು ನಿಲ್ಲಬೇಕೆಂಬ ಛಲ ಅದರ ಹಿಂದಿತ್ತು. ಎರಡು ಗರ್ಭಗುಡಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಗೋಡೆಯ ಬುಡದಲ್ಲಿ ಆನೆ, ಸಿಂಹ, ಕುದುರೆ, ಬಳ್ಳಿ, ಪುರಾಣಕಥೆಗಳ ಸಾಲುಗಳನ್ನು ಒಂದರ ಮೇಲೊಂದು ಹರಿಸಿದ ಆ ಗುಡಿಯಲ್ಲಿ ನರಸಿಂಹ ದೊರೆಯ ಕಾಲದ ಶಿಲ್ಪಾಚಾರ್ಯ ಕೇದಾರೋಜನ ಹೆಸರು ಕೇಳಿಬರುತ್ತದೆ. ಮಾಡಿಸುವವರ ಪೈಪೋಟಿಯಿಂದ ಮಾಡುವವರಿಗೆ ತಲೆಮಾರುಗಳ ಕಾಲ ಕೆಲಸ ದೊರೆಯಿತು. ಒಂದೇ ಗಿರಾಕಿಯನ್ನು ಹಂಚಿಕೊಂಡು ಕಾದಾಡುವ ಬದಲು ಒಳ್ಳೆಯ ಕೆಲಸವನ್ನು ಬಯಸುವ ಗಿರಾಕಿಗಳ ಸಂಖ್ಯೆಯೇ ಹೆಚ್ಚಿತೆಂಬುದು ಇಲ್ಲಿನ ಮುಖ್ಯ ಸಂಗತಿ.

ನುಗ್ಗೇಹಳ್ಳಿಯ ಎರಡು ಗೋಡೆಗಳು

ಬಿರುದುಗಳನ್ನು ಓದಿದವರಿಗೆ ಈ ಜನ ಒಂದೇ ಕಣದಲ್ಲಿ ನಿಂತರೆ ಏನಾದೀತೆಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಅರಸೀಕೆರೆಯ ನೆರೆಯ ತಾಲ್ಲೂಕಾದ ಚನ್ನರಾಯಪಟ್ಟಣದ ನುಗ್ಗೇಹಳ್ಳಿಯಲ್ಲಿದೆ. ಇಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದನು. ಗೋಡೆಗಳ ಕೆಲಸಕ್ಕೆ ನಿಂತವರಲ್ಲಿ ಪ್ರಮುಖರು ಇಬ್ಬರು: ನಂದಿಯ ಬೈಚೋಜ ಮತ್ತು ಮಲ್ಲಿತಮ್ಮ. ದಕ್ಷಿಣದ ಗೋಡೆಯಲ್ಲಿ ಬೈಚೋಜನ ಕೆಲಸ, ಉತ್ತರದ ಗೋಡೆಯಲ್ಲಿ ಮಲ್ಲಿತಮ್ಮನ ಕೆಲಸ.

ಹಂಚಿಕೆಯ ಜಾಣ್ಮೆಯನ್ನು ಗಮನಿಸಬೇಕು. ಗುಡಿ ಒಂದೇ, ಕಲ್ಲು ಒಂದೇ ಜಾತಿಯದು, ಗೋಡೆಯ ಎತ್ತರ ಒಂದೇ, ಮೂರ್ತಿಯ ಮೇಲೆ ಬರುವ ಬಳ್ಳಿಯ ತೋರಣಕ್ಕೂ ಕೆಳಗಿನ ಪಟ್ಟಿಕೆಗಳಿಗೂ ಅಳತೆ ಒಂದೇ. ಬೇರೆಯಾದುದು ಕೈ ಮಾತ್ರ. ಪ್ರದಕ್ಷಿಣೆ ಬರುವ ಭಕ್ತನು ಒಂದು ಸುತ್ತು ಮುಗಿಸುವಷ್ಟರಲ್ಲಿ ಇಬ್ಬರ ಕೆಲಸವನ್ನೂ ನೋಡಿ ಮುಗಿಸುತ್ತಾನೆ. ಹೋಲಿಕೆಗೆ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಬೇರೊಂದಿಲ್ಲ. ಇಬ್ಬರಲ್ಲಿ ಯಾರೊಬ್ಬನು ಕಳಪೆ ಕೆತ್ತಿದ್ದರೂ ಇನ್ನೊಬ್ಬನಿಗೆ ಲಾಭವಿರಲಿಲ್ಲ. ಗುಡಿಯೇ ಕೆಟ್ಟಂತಾಗಿ ಇಬ್ಬರ ಹೆಸರೂ ಕೆಡುತ್ತಿತ್ತು.

ಇದೇ ಮಲ್ಲಿತಮ್ಮನ ಹೆಸರು ತರೀಕೆರೆ ಬಳಿಯ ಅಮೃತಾಪುರದ 1196ರ ಅಮೃತೇಶ್ವರ ದೇವಾಲಯದಲ್ಲಿ ಮಂಟಪದ ಗುಮ್ಮಟಾಕಾರದ ಭುವನೇಶ್ವರಿಗಳೊಂದಿಗೆ ಕೇಳಿಬರುತ್ತದೆ. 1258ರ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಗೋಡೆಯ ಮೂರ್ತಿಗಳ ಕೆಳಗೆ ಮತ್ತೆ ಮತ್ತೆ ಕಾಣಿಸುತ್ತದೆ. ಅಲ್ಲಿ ಮಸಣಿತಮ್ಮ, ಬಾಲೆಯ, ಚೌಡೆಯ ಮೊದಲಾದ ಬೇರೆ ಸಹಿಗಳೂ ಇವೆ. ಆರು ದಶಕಗಳ ಅವಧಿ, ಚಾವಣಿಯಿಂದ ಗೋಡೆಯವರೆಗೆ ಹಲವು ಬಗೆಯ ಕೆಲಸ, ಹಲವು ಊರುಗಳು. ಅದು ಒಂದೇ ಕೈಯಾಗಿರಲಿ, ಒಂದು ಹೆಸರಿನಡಿ ಪಳಗಿದ ಮನೆತನದ ಕೈಗಳಾಗಿರಲಿ, ಮಾರುಕಟ್ಟೆಯಲ್ಲಿ ಆ ಹೆಸರಿನ ಬೆಲೆ ಅಷ್ಟು ಕಾಲ ಇಳಿಯಲಿಲ್ಲ.

ಬಹುಮುಖ ಕೌಶಲದ ಬೇರು

ಒಬ್ಬನೇ ಹಲವು ಕೆಲಸ ಮಾಡಬಲ್ಲವನಾಗುವುದು ಹೇಗೆ? ಹೊಯ್ಸಳ ರೂವಾರಿಗಳ ವಿಷಯದಲ್ಲಿ ಉತ್ತರ ಕಲ್ಲಿನಲ್ಲಿದೆ. ಅವರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಗಡುಸಾಗುವುದು ಅದರ ಗುಣ. ಆದುದರಿಂದ ಚಿನ್ನ ಬೆಳ್ಳಿಯ ಆಭರಣದಲ್ಲಿ ಸಾಧ್ಯವಾಗುವಷ್ಟು ಸೂಕ್ಷ್ಮವನ್ನು ಕಲ್ಲಿನಲ್ಲಿಯೂ ತರಲು ಸಾಧ್ಯವಾಯಿತು. ಕಂಬಗಳನ್ನು ತಿರುಗಿಸಿ ಕಡೆಯುವ ಲೇತ್ ಮಾದರಿಯ ವಿಧಾನವೂ ಅವರಿಗೆ ಗೊತ್ತಿತ್ತು. ಬೇಲೂರಿನ ನವರಂಗದ 48 ಕಂಬಗಳಲ್ಲಿ ನಡುವಿನ ನಾಲ್ಕನ್ನು ಬಿಟ್ಟರೆ ಉಳಿದವು ಒಂದರಂತೆ ಇನ್ನೊಂದಿಲ್ಲ. ಯಂತ್ರವು ಸಮನಾದ ದುಂಡನ್ನು ಕೊಟ್ಟಿತು, ಭಿನ್ನತೆಯನ್ನು ಕೈ ಕೊಟ್ಟಿತು.

ಕಲ್ಲಿನ ಪದರ, ಉಳಿಯ ಮೊನೆ, ಅಳತೆಯ ಸೂತ್ರ, ಈ ಮೂರನ್ನು ಬಲ್ಲವನಿಗೆ ಮದನಿಕೆಯೂ ಒಂದೇ, ಮಕರತೋರಣವೂ ಒಂದೇ, ಚಾವಣಿಯ ತಾವರೆಯೂ ಒಂದೇ. ಆದುದರಿಂದ ಬಹುಮುಖತೆಯೆಂದರೆ ಕಂಡ ಕಂಡ ವ್ಯವಹಾರಕ್ಕೆಲ್ಲ ಕೈಹಾಕುವುದಲ್ಲ. ಒಂದು ಮೂಲವಿದ್ಯೆಯನ್ನು ತಳಮುಟ್ಟ ಕಲಿತು ಅದನ್ನು ಹಲವು ರೂಪಗಳಲ್ಲಿ ದುಡಿಸುವುದೇ ಬಹುಮುಖತೆ.

ಅರಸೀಕೆರೆಯ ಈಶ್ವರ ದೇವಾಲಯ ಇನ್ನೊಂದು ಪಾಠವನ್ನು ಸೇರಿಸುತ್ತದೆ. ಅದು ಸುಮಾರು 1220ರದು. ಬೇಲೂರು ಹಳೇಬೀಡುಗಳು ತಲೆಯೆತ್ತಿ ಆಗಲೇ ನೂರು ವರ್ಷಗಳಾಗಿದ್ದವು. ಮೂರ್ತಿಗಳ ಸಂಖ್ಯೆಯಲ್ಲಿಯೋ ಗಾತ್ರದಲ್ಲಿಯೋ ಅವುಗಳೊಡನೆ ಸ್ಪರ್ಧಿಸಲು ಹೊರಟಿದ್ದರೆ ಅರಸೀಕೆರೆಯ ಗುಡಿ ಒಂದು ಸಣ್ಣ ನಕಲಾಗಿ ಉಳಿಯುತ್ತಿತ್ತು. ಅಲ್ಲಿನ ಶಿಲ್ಪಿಗಳು ಕಟ್ಟಡದ ಆಕಾರದಲ್ಲಿಯೇ ಹೊಸತನ್ನು ಮಾಡಿದರು. ಗುಡಿಯ ಮುಂದೆ ನಕ್ಷತ್ರಾಕಾರದ ತೆರೆದ ಮಂಟಪವನ್ನು ಕಟ್ಟಿ ಅದರ ಮೇಲೆ ಗುಮ್ಮಟದ ಚಾವಣಿಯನ್ನು ನಿಲ್ಲಿಸಿದರು. ಹೊಯ್ಸಳ ವಾಸ್ತುವನ್ನು ಅಭ್ಯಾಸ ಮಾಡುವವರು ಇಂದಿಗೂ ಅರಸೀಕೆರೆಗೆ ಬರುವುದು ಆ ವಿನ್ಯಾಸಕ್ಕಾಗಿ. ದೊಡ್ಡವರು ಗೆದ್ದ ಕಣದಲ್ಲಿ ಎರಡನೆಯವರಾಗುವುದಕ್ಕಿಂತ ಅದೇ ಕಸುಬಿನ ಬೇರೊಂದು ಕಣದಲ್ಲಿ ಮೊದಲಿಗರಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಗಡಿಯಾರ ಹಿಡಿದು ಅಳೆದ ಪೈಪೋಟಿ

ಶಿಲ್ಪದಲ್ಲಿ ಯಾರು ಮೇಲೆಂಬ ಚರ್ಚೆ ಮುಗಿಯುವಂಥದಲ್ಲ. ಸೋಲು ಗೆಲುವುಗಳನ್ನು ಗಡಿಯಾರ ಮತ್ತು ಅಂಕಪಟ್ಟಿಗಳು ನಿರ್ಣಯಿಸುವ ಕ್ಷೇತ್ರದಲ್ಲಿಯೂ ಇದೇ ನಿಯಮಗಳು ನಡೆಯುತ್ತವೆಯೇ ಎಂದು ಪರೀಕ್ಷಿಸಲು ಅಮೆರಿಕದ ಮೋಟಾರು ರೇಸಿನ ಒಂದು ಪ್ರಸಿದ್ಧ ಉದಾಹರಣೆಯನ್ನು ನೋಡಬಹುದು. 1960ರ ದಶಕದಲ್ಲಿ ಅಲ್ಲಿ ಇಬ್ಬರು ಚಾಲಕರ ನಡುವೆ ಬಿರುಸಿನ ಪೈಪೋಟಿಯಿತ್ತು. ಒಬ್ಬರು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ 1935ರಲ್ಲಿ ಹುಟ್ಟಿದ ಎ. ಜೆ. ಫಾಯ್ಟ್. ಇನ್ನೊಬ್ಬರು ಅಂದು ಇಟಲಿಗೆ ಸೇರಿದ್ದ ಊರೊಂದರಲ್ಲಿ 1940ರಲ್ಲಿ ಹುಟ್ಟಿ, 1955ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ವಲಸೆ ಬಂದ ಮಾರಿಯೋ ಆಂಡ್ರೆಟ್ಟಿ.

ಇಬ್ಬರೂ ಒಂದೇ ಬಗೆಯ ಕಾರಿಗೆ ಅಂಟಿಕೊಂಡವರಲ್ಲ. ಮಣ್ಣಿನ ಹಾದಿ, ಡಾಂಬರಿನ ವರ್ತುಲ, ಸ್ಟಾಕ್ ಕಾರು, ಹಗಲು ರಾತ್ರಿ ಓಡುವ ದೀರ್ಘ ಪಂದ್ಯ, ಎಲ್ಲವೂ ಅವರಿಗೆ ಕಣವೇ. ಫಾಯ್ಟ್ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯವನ್ನು 1961, 1964, 1967 ಮತ್ತು 1977ರಲ್ಲಿ ಗೆದ್ದು ಅದನ್ನು ನಾಲ್ಕು ಬಾರಿ ಗೆದ್ದ ಮೊದಲಿಗರಾದರು. 1972ರಲ್ಲಿ ಡೇಟೋನಾ 500 ಪಂದ್ಯ, 1967ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಪಂದ್ಯವೂ ಅವರದಾದವು. ಆಂಡ್ರೆಟ್ಟಿ 1967ರಲ್ಲಿ ಡೇಟೋನಾ 500, 1969ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದು, 1978ರಲ್ಲಿ ಲೋಟಸ್ ಕಾರಿನಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಒಬ್ಬರ ದಾಖಲೆಯಲ್ಲಿರುವ ಲೆ ಮಾನ್ ಇನ್ನೊಬ್ಬರಲ್ಲಿಲ್ಲ. ಇನ್ನೊಬ್ಬರ ವಿಶ್ವಪಟ್ಟ ಮೊದಲನೆಯವರಲ್ಲಿಲ್ಲ. ನುಗ್ಗೇಹಳ್ಳಿಯ ಎರಡು ಗೋಡೆಗಳಂತೆ ಇಬ್ಬರೂ ಒಂದೇ ಕಟ್ಟಡವನ್ನು ಎರಡು ಕಡೆಯಿಂದ ಬೆಳೆಸಿದರು.

1965ರಲ್ಲಿ ಯುವಕ ಆಂಡ್ರೆಟ್ಟಿ ಅಮೆರಿಕದ ರಾಷ್ಟ್ರೀಯ ಪಟ್ಟವನ್ನು ಫಾಯ್ಟ್ ಅವರಿಂದ ಕಸಿದುಕೊಂಡರು, ಮರುವರ್ಷವೂ ಉಳಿಸಿಕೊಂಡರು. 1967ರ ಪಟ್ಟ ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ನಡೆದ ಕೊನೆಯ ಪಂದ್ಯದವರೆಗೂ ತೂಗುಯ್ಯಾಲೆಯಲ್ಲಿತ್ತು. ಆ ದಿನ ಫಾಯ್ಟ್ ಅವರ ಕಾರು ಅಪಘಾತಕ್ಕೀಡಾಯಿತು. ಅವರು ರೋಜರ್ ಮೆಕ್‌ಕ್ಲಸ್ಕಿ ಓಡಿಸುತ್ತಿದ್ದ ಕಾರನ್ನು ಪಡೆದು ಪಂದ್ಯ ಮುಂದುವರಿಸಿ ಅಲ್ಪ ಅಂತರದಲ್ಲಿ ಪಟ್ಟವನ್ನು ಮರಳಿ ಪಡೆದರು. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ತೆರೆದಿಟ್ಟುಕೊಂಡಿರುವುದೂ ಸ್ಪರ್ಧೆಯ ಒಂದು ಭಾಗ.

ಅದೇ ವರ್ಷದ ಜೂನ್ ತಿಂಗಳ ಲೆ ಮಾನ್ ಪಂದ್ಯದಲ್ಲಿ ಫಾಯ್ಟ್ ಅವರ ಜೊತೆ ಒಂದೇ ಕಾರನ್ನು ಸರದಿಯ ಮೇಲೆ ಓಡಿಸಿದವರು ಅವರ ಇನ್ನೊಬ್ಬ ಸಮಬಲ ಪ್ರತಿಸ್ಪರ್ಧಿ ಡ್ಯಾನ್ ಗರ್ನಿ. ಒಬ್ಬರನ್ನೊಬ್ಬರು ಮೀರಿಸುವ ಹಟದಲ್ಲಿ ಇವರು ಕಾರನ್ನೇ ಮುರಿದುಹಾಕುವರೆಂದು ಹಲವರು ಶಂಕಿಸಿದ್ದರು. ಆದರೆ ಇಬ್ಬರೂ ಯಂತ್ರವನ್ನು ಜೋಪಾನ ಮಾಡಿ ಓಡಿಸಿ, 24 ಗಂಟೆಗಳಲ್ಲಿ 5,200 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಗೆದ್ದರು. ಅಲ್ಲಿಯವರೆಗೆ ಆ ಪಂದ್ಯದಲ್ಲಿ 5,000 ಕಿಲೋಮೀಟರನ್ನು ಯಾರೂ ದಾಟಿರಲಿಲ್ಲ. ಒಂದು ವಾರದ ನಂತರ ಗರ್ನಿ ತಾವೇ ಕಟ್ಟಿದ ಈಗಲ್ ಕಾರಿನಲ್ಲಿ ಬೆಲ್ಜಿಯಂ ಗ್ರಾಂಡ್ ಪ್ರಿ ಗೆದ್ದರು. ಫಾಯ್ಟ್ 1977ರ ಇಂಡಿಯಾನಾಪೊಲಿಸ್ ಪಂದ್ಯವನ್ನು ಗೆದ್ದದ್ದೂ ತಮ್ಮದೇ ಕಯೋಟಿ ಕಾರಿನಲ್ಲಿ. ಕಾರನ್ನು ಓಡಿಸುವ ವಿದ್ಯೆಯೂ ಕಟ್ಟುವ ವಿದ್ಯೆಯೂ ಒಂದೇ ಬೇರಿನವೆಂದು ತಿಳಿದವರು ಅವರು.

ದಂತಕಥೆಯ ಪೈಪೋಟಿ, ಶಾಸನದ ಪೈಪೋಟಿ

ಬೇಲೂರಿಗೆ ಬಂದವರೆಲ್ಲರೂ ಕೇಳುವ ಜಕಣಾಚಾರಿಯ ಕಥೆಯೂ ಪೈಪೋಟಿಯ ಕಥೆಯೇ. ತುಮಕೂರಿನ ಬಳಿಯ ಕೈದಾಳದ ಮಹಾಶಿಲ್ಪಿ ಜಕಣಾಚಾರಿ. ಅವನು ಆರಿಸಿದ ಕಲ್ಲಿನಲ್ಲಿ ದೋಷವಿದೆಯೆಂದು ತರುಣನೊಬ್ಬ ಹೇಳುತ್ತಾನೆ. ದೋಷವಿದ್ದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣಾಚಾರಿ ಪಣ ತೊಡುತ್ತಾನೆ. ಕಲ್ಲಿನ ಹೊಟ್ಟೆಯಿಂದ ಕಪ್ಪೆ ಹೊರಬರುತ್ತದೆ. ಕೈ ಹೋದ ಮೇಲೆ ಆ ತರುಣ ತನ್ನ ಮಗ ಡಂಕಣನೆಂದು ತಿಳಿಯುತ್ತದೆ. ಕಪ್ಪೆ ಚೆನ್ನಿಗರಾಯ ಎಂಬ ಹೆಸರು ಬೇಲೂರಿನಲ್ಲಿ ಈ ಕಥೆಯನ್ನು ಜೀವಂತವಾಗಿರಿಸಿದೆ. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಜಕಣಾಚಾರಿಯದೇ ಹೆಸರು.

ಕಥೆ ಮನಸ್ಸನ್ನು ಕಲಕುತ್ತದೆ. ಆದರೆ ಗುಡಿಯ ಕಲ್ಲಿನ ಮೇಲೆ ಇರುವುದು ಬೇರೆ ತಂದೆ ಮಗನ ಹೆಸರು. ದಾಸೋಜ ಮತ್ತು ಚಾವಣರಲ್ಲಿ ಮಗನ ಬಿರುದು ಇತರ ರೂವಾರಿಗಳನ್ನು ಸುಡುವ ಶಿವನದು. ಮಗನ ಮದನಿಕೆಗಳ ಸಂಖ್ಯೆ ತಂದೆಯದಕ್ಕಿಂತ ಒಂದು ಹೆಚ್ಚು. ಆದರೂ ಯಾರ ಕೈಯೂ ಹೋಗಲಿಲ್ಲ. ತಂದೆಯ ಹೆಸರನ್ನು ತನ್ನ ಸಹಿಯಲ್ಲಿ ಹೊತ್ತುಕೊಂಡೇ ಮಗನು ತಂದೆಯ ಪಕ್ಕದಲ್ಲಿ ಕೆತ್ತಿದನು. ದಂತಕಥೆಯಲ್ಲಿ ಒಬ್ಬನ ಗೆಲುವು ಇನ್ನೊಬ್ಬನ ಕೈಯನ್ನು ಬೇಡುತ್ತದೆ. ಶಾಸನದಲ್ಲಿ ಒಬ್ಬನ ಗೆಲುವಿಗೆ ಇನ್ನೊಬ್ಬನ ಕೆಲಸವೂ ಉಳಿದಿರಬೇಕಾಗುತ್ತದೆ.

ಬೆಲೆ ಇಳಿಸುವ ಕಾಳಗ ಕೈ ಕತ್ತರಿಸಿಕೊಳ್ಳುವ ಪಂಥಕ್ಕೆ ಹತ್ತಿರವಾದುದು. ಅರಸೀಕೆರೆಯ ಉಂಡೆ ಕೊಬ್ಬರಿಯ ವ್ಯಾಪಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರೈತನು ತೆಂಗಿನಕಾಯಿಯನ್ನು ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿಸಿದ ಮೇಲೆ ಉಂಡೆ ಕೊಬ್ಬರಿ ಸಿದ್ಧವಾಗುತ್ತದೆ. ಎಲ್ಲ ಖರ್ಚೂ ಸೇರಿ 100 ರೂಪಾಯಿ ಬಿದ್ದ ಸರಕನ್ನು ವರ್ತಕನೊಬ್ಬ 104 ರೂಪಾಯಿಗೆ ಮಾರುತ್ತಿದ್ದಾನೆಂದು ಭಾವಿಸಿದರೆ, ಎದುರಾಳಿಯ ಮೇಲಿನ ಹಟಕ್ಕೆ 2 ರೂಪಾಯಿ ಇಳಿಸಿದಾಗ ಬೆಲೆ ಶೇಕಡ 2ರಷ್ಟು ಮಾತ್ರ ಇಳಿದಂತೆ ತೋರುತ್ತದೆ. ಲಾಭವು ಅರ್ಧಕ್ಕೆ ಇಳಿದಿರುತ್ತದೆ. ಮೊದಲಿನಷ್ಟೇ ಗಳಿಸಲು ಅವನು ಎರಡರಷ್ಟು ಸರಕು ಮಾರಬೇಕು. ಎದುರಾಳಿಯೂ 2 ರೂಪಾಯಿ ಇಳಿಸಿದರೆ ಆ ಹೆಚ್ಚಿನ ಮಾರಾಟವೂ ದಕ್ಕದು. ಆಗ ಉಳಿಯುವ ದಾರಿ ಹಸಿಯಾರದ ಸರಕನ್ನು ಬೆರೆಸುವುದು, ಕೂಲಿಯನ್ನು ತಡೆಹಿಡಿಯುವುದು. ದೂರದ ಊರಿನ ಖರೀದಿದಾರನು ಬೂಸಲು ಹಿಡಿದ ಮೂಟೆಯನ್ನು ಬಿಚ್ಚಿದ ದಿನ ಇಬ್ಬರ ಹೆಸರೂ, ಅವರೊಡನೆ ಊರಿನ ಹೆಸರೂ ಕೆಡುತ್ತದೆ.

ವರ್ತಕರಿಗೂ ತಯಾರಕರಿಗೂ ಐದು ಸೂತ್ರಗಳು

1. ಸಹಿ ಇರಲಿ. ಪದಾರ್ಥದ ಮೇಲೆ ತಯಾರಕನ ಹೆಸರು, ತಂಡದ ಸಂಖ್ಯೆ, ದಿನಾಂಕ ಇರುವುದು ಹೊಣೆಗಾರಿಕೆಯ ಮೊದಲ ಮೆಟ್ಟಿಲು. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಡಿ ನೋಂದಣಿ 10 ವರ್ಷಗಳ ಅವಧಿಗೆ ದೊರೆಯುತ್ತದೆ, ಮತ್ತೆ ನವೀಕರಿಸಬಹುದು. ಬೇರೆಯವರಿಗೆ ಜಾಬ್ ವರ್ಕ್ ಮಾಡಿಕೊಡುವ ಘಟಕಗಳೂ ತಮ್ಮ ಹೆಸರಿನ ಒಂದಾದರೂ ಪದಾರ್ಥವನ್ನು ಮಾರುಕಟ್ಟೆಗೆ ತರುವುದು ಹಿತ.

2. ಊರಿನ ಹೆಸರನ್ನು ಕಾಯಬೇಕು. ‘ಬಳ್ಳಿಗಾವೆಯ’ ಎಂಬ ವಿಶೇಷಣವಿಲ್ಲದೆ ದಾಸೋಜನ ಸಹಿ ಪೂರ್ಣವಲ್ಲ. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆಗಳಿಗೆ ದೊರೆತ ಭೌಗೋಳಿಕ ಸೂಚಕದ ನೋಂದಣಿ ಇದೇ ತತ್ತ್ವದ ಮೇಲೆ ನಿಂತಿದೆ. ಒಳಗೆ ಪ್ರತಿಸ್ಪರ್ಧಿಗಳಾದವರು ಹೊರಗಿನ ಮಾರುಕಟ್ಟೆಗೆ ಒಂದೇ ಊರಿನವರು.

3. ಅಳತೆ ಒಂದೇ ಇರಲಿ. ನುಗ್ಗೇಹಳ್ಳಿಯ ಎರಡು ಗೋಡೆಗಳಿಗೂ ಒಂದೇ ಸೂತ್ರವಿತ್ತು, ಇಬ್ಬರು ಚಾಲಕರಿಗೂ ಒಂದೇ ಗಡಿಯಾರವಿತ್ತು. ತೂಕ, ತೇವಾಂಶ, ಗಾತ್ರ, ದರ್ಜೆಗಳಿಗೆ ಎಲ್ಲರೂ ಒಪ್ಪಿದ ಮಾನದಂಡವಿದ್ದರೆ ಒಳ್ಳೆಯ ಸರಕಿಗೆ ಬೆಲೆ ಬರುತ್ತದೆ. ಮಾನದಂಡವಿಲ್ಲದ ಕಡೆ ಕಳಪೆಯೇ ಅಗ್ಗವಾಗಿ ಗೆಲ್ಲುತ್ತದೆ.

4. ಬೇರು ಒಂದು, ಕೊಂಬೆ ಹಲವು. ತೆಂಗನ್ನು ಬಲ್ಲವನಿಗೆ ಕೊಬ್ಬರಿ, ಎಣ್ಣೆ, ನಾರು, ಚಿಪ್ಪಿನ ಇದ್ದಿಲು ಕೊಂಬೆಗಳಾದಾವು. ಲೇತ್ ಕೆಲಸ ಬಲ್ಲವನಿಗೆ ಪಂಪಿನ ಭಾಗವೂ ಟಿಲ್ಲರಿನ ಭಾಗವೂ ಕೊಂಬೆಗಳೇ. ಪರಿಚಯವಿಲ್ಲದ ವ್ಯವಹಾರಕ್ಕೆ ಲಾಭದ ಸುದ್ದಿ ಕೇಳಿ ಹೋಗುವುದು ಬಹುಮುಖತೆಯಲ್ಲ. ಅರಸೀಕೆರೆಯ ಮಂಟಪದಂತೆ ತನ್ನ ಕಸುಬಿನೊಳಗೇ ಹೊಸ ಆಕಾರವನ್ನು ಹುಡುಕಬೇಕು.

5. ಸೇರಬೇಕಾದಲ್ಲಿ ಸೇರಬೇಕು, ಸೇರಬಾರದಲ್ಲಿ ಸೇರಬಾರದು. ಪರೀಕ್ಷಾಲಯ, ಉಗ್ರಾಣ, ಸಾಗಾಟ, ಕೆಲಸಗಾರರ ತರಬೇತಿ, ಇವು ಒಬ್ಬಂಟಿ ಘಟಕಕ್ಕೆ ಎಟುಕದ ವೆಚ್ಚಗಳು. ಕಿರು ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರುಗಳಿಗೆ ಸಾಮಾನ್ಯ ಸೌಲಭ್ಯ ಕೇಂದ್ರ ಸ್ಥಾಪಿಸಲು ಕೇಂದ್ರ ಸರ್ಕಾರದ ಯೋಜನೆಯಿದೆ. ಇಂಥ ವಿಷಯಗಳಲ್ಲಿ ಪ್ರತಿಸ್ಪರ್ಧಿಗಳು ಒಂದೇ ಕಾರನ್ನು ಸರದಿಯ ಮೇಲೆ ಓಡಿಸಬಹುದು. ಬೆಲೆಯನ್ನು ಮೊದಲೇ ಮಾತಾಡಿಕೊಂಡು ನಿಗದಿಪಡಿಸುವುದು, ಟೆಂಡರುಗಳನ್ನು ಒಳಗೊಳಗೆ ಹಂಚಿಕೊಳ್ಳುವುದು ಮಾತ್ರ 2002ರ ಸ್ಪರ್ಧಾ ಕಾಯಿದೆಯಂತೆ ನಿಷಿದ್ಧ. ಅದರಿಂದ ಗಿರಾಕಿಯ ನಂಬಿಕೆಯೂ ಹೋಗುತ್ತದೆ.

ಅಭ್ಯಾಸ

ಪ್ರತಿಯೊಬ್ಬ ಉದ್ಯಮಿಯೂ ಕಾಗದದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಬರೆದು ನೋಡಬಹುದು.

ಅ) ಕಳೆದ ವರ್ಷ ಪ್ರತಿಸ್ಪರ್ಧಿಯ ಕಾರಣದಿಂದ ಮಾಡಿದ ಬದಲಾವಣೆಗಳು ಯಾವುವು? ಅವುಗಳಲ್ಲಿ ಬೆಲೆಗೆ ಸಂಬಂಧಿಸಿದವು ಎಷ್ಟು, ಗುಣಮಟ್ಟಕ್ಕೆ ಸಂಬಂಧಿಸಿದವು ಎಷ್ಟು?

ಆ) ಪ್ರತಿಸ್ಪರ್ಧಿಯ ಪದಾರ್ಥದಲ್ಲಿ ತನ್ನದಕ್ಕಿಂತ ಮೇಲಾದ ಒಂದು ಅಂಶ ಯಾವುದು? ಅದನ್ನು ಸರಿಗಟ್ಟಲು ಬೇಕಾಗುವ ಕಾಲ ಮತ್ತು ಹಣ ಎಷ್ಟು?

ಇ) ಗ್ರಾಹಕನ ಕೈಗೆ ಹೋದ ಪದಾರ್ಥದ ಮೇಲೆ ತಯಾರಿಸಿದವನ ಹೆಸರಿದೆಯೇ? ಇಲ್ಲದಿದ್ದರೆ ಕಾರಣವೇನು?

ಈ) ಘಟಕದ ಮೂಲವಿದ್ಯೆಯನ್ನು ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವೇ? ಈಗಿನ ಪದಾರ್ಥಗಳಲ್ಲಿ ಆ ವಿದ್ಯೆಗೆ ಸೇರದವು ಯಾವುವು?

ಉ) ಪ್ರತಿಸ್ಪರ್ಧಿಯ ಘಟಕ ನಾಳೆ ಮುಚ್ಚಿದರೆ ನಿಜವಾದ ಲಾಭವೆಷ್ಟು? ಊರಿಗೆ ಬರುವ ಖರೀದಿದಾರರ ಸಂಖ್ಯೆ ಏರುತ್ತದೆಯೋ ಇಳಿಯುತ್ತದೆಯೋ?

ಕೊನೆಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಬರೆಯುವುದು ಎಲ್ಲಕ್ಕಿಂತ ಕಷ್ಟ. ಒಂದೇ ಬೀದಿಯಲ್ಲಿ ಹತ್ತು ಅಂಗಡಿಗಳಿದ್ದಾಗ ಬರುವ ಗಿರಾಕಿಯು ಒಂದೇ ಅಂಗಡಿ ಉಳಿದಾಗ ಬೇರೆ ಊರಿನ ದಾರಿ ಹಿಡಿಯುತ್ತಾನೆಂಬುದು ಹಳೆಯ ವರ್ತಕರಿಗೆಲ್ಲ ತಿಳಿದ ಮಾತು.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಗೌರವ ಯಾವೊಬ್ಬ ರೂವಾರಿಗೂ ಬಂದುದಲ್ಲ. ಒಬ್ಬರನ್ನೊಬ್ಬರು ಬೆಟ್ಟವೆಂದೂ ವಜ್ರಾಯುಧವೆಂದೂ ಕರೆದುಕೊಳ್ಳುತ್ತಲೇ ಒಂದೇ ಗೋಡೆಯನ್ನು ಕೆತ್ತಿ ಮುಗಿಸಿದ ಎಲ್ಲರ ಕೆಲಸಕ್ಕೂ ಸೇರಿ ಬಂದುದು. ಮುಂದೆ ಬೇಲೂರಿಗೆ ಹೋಗುವ ಉದ್ಯಮಿಯು ಮದನಿಕೆಯ ಮುಖವನ್ನು ನೋಡಿದ ಮೇಲೆ ಪೀಠದ ಅಂಚಿನ ಸಣ್ಣ ಅಕ್ಷರಗಳನ್ನೂ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.